ಚಪ್ಪಲಿ ಕಾಯುವ ಖಾತೆ

ಚಾವಣಿಯ ಗಾರೆ ಕಳಚಿ ಬಿದ್ದಾಗ ಮಕ್ಕಳೆಲ್ಲ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದರು. ಅದೊಂದೇ ನಮ್ಮ ಅದೃಷ್ಟ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಳಗಿನಿಂದ ಲಾರಿಯಲ್ಲಿ ಜಲ್ಲಿ ಸುರಿದಂಥ ಸದ್ದು ಬಂತು. ಓಡಿ ಹೋಗಿ ನೋಡಿದರೆ ನಡುವಿನ ಕೋಣೆಯಲ್ಲಿ, ಸರಿಯಾಗಿ ಒಂದನೆಯ ತರಗತಿಯವರು ಕೂರುವ ಜಾಗದಲ್ಲೇ, ಗಾರೆಯ ರಾಶಿ ಬಿದ್ದಿತ್ತು. ಮೇಲೆ ತುಕ್ಕು ಹಿಡಿದ ಸರಳುಗಳು ಕಾಣುತ್ತಿದ್ದವು. ಇನ್ನೈದು ನಿಮಿಷ ತಡವಾಗಿ ಬಿದ್ದಿದ್ದರೆ ಮಕ್ಕಳು ಅದರಡಿಯೇ ಇರುತ್ತಿದ್ದರು.

ದೇವದುರ್ಗ ತಾಲೂಕಿನ ಆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕಿ. ಒಂದರಿಂದ ಐದನೆಯ ತರಗತಿವರೆಗೆ ಅರವತ್ತಮೂರು ಮಕ್ಕಳು, ಮೂರು ಕೋಣೆ, ನಾನು ಮತ್ತು ಒಬ್ಬ ಸಹಶಿಕ್ಷಕರು. ನಾನು ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಸಹಶಿಕ್ಷಕರು ಅದೇ ಸೀಮೆಯವರು, ಊರಿನ ಒಳಹೊರಗು ಬಲ್ಲವರು, ಮಾತು ಕಡಿಮೆ. ನನ್ನದು ಉಲ್ಟಾ. ಬಾಯಿ ಮುಂದೆ, ಯೋಚನೆ ಹಿಂದೆ.

ಫೋಟೊ ತೆಗೆದೆ, ವರದಿ ಬರೆದೆ, ದೇವದುರ್ಗದ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿದೆ. ಮರುದಿನ ಎಂಜಿನಿಯರ್ ಬಂದರು. ಅವರ ಮೂಲ ಜಾಗ ಮಾನ್ವಿ. ದೇವದುರ್ಗದ್ದು ಹೆಚ್ಚುವರಿ ಹೊಣೆ. ಹಾಗಾಗಿ ಕಾಲಲ್ಲಿ ಚಕ್ರ ಕಟ್ಟಿಕೊಂಡವರಂತಿದ್ದರು. ಸುತ್ತಿಗೆಯ ಹಿಡಿಯಿಂದ ಪ್ರತಿ ತೊಲೆಯನ್ನೂ ತಟ್ಟಿ, ಕಿವಿಗೊಟ್ಟು ಕೇಳಿದರು. ಎರಡು ಕಡೆ ಟೊಳ್ಳು ಸದ್ದು ಬಂತು. ಮೂರೂ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಶಿಥಿಲ’ ಎಂದು ಬರೆಸಿದರು.

“ಒಂದು ಮಗೂನೂ ಒಳಗ ಕುಂದ್ರಿಸಬ್ಯಾಡ್ರಿ ಮೇಡಂ. ಏನರ ಆದ್ರ ನಿಮ್ಮ ಕೊಳ್ಳಿಗೆ ಬರ್ತದ.”

“ದುರಸ್ತಿ ಯಾವಾಗ್ರಿ ಸರ್?”

“ಅಂದಾಜು ಪಟ್ಟಿ ರಾಯಚೂರಿಗೆ ಹೋಗಬೇಕು, ಮಂಜೂರಾಗಿ ತಿರುಗಿ ಬರಬೇಕು. ದೀಪಾವಳಿ ಮ್ಯಾಗ ಅಂತ ಇಟ್ಕೊಳ್ರಿ.”

ಆಗಿನ್ನೂ ಶ್ರಾವಣ ಹಿಡಿದಿರಲಿಲ್ಲ. ಅಂಗಳದ ಬೇವಿನ ಮರದಡಿ ಎರಡು ದಿನ ಪಾಠ ಮಾಡಿದೆವು. ಎರಡನೆಯ ದಿನ ಮಳೆ ಸುರಿದು ಪುಸ್ತಕ, ಪಾಟಿ, ಮಕ್ಕಳು ಎಲ್ಲ ತೋಯ್ದು ತೊಪ್ಪೆಯಾದವು. ಆ ಸಂಜೆಯೇ ಊರ ಹಿರಿಯರೊಬ್ಬರು ಬಂದರು. ಹನುಮಪ್ಪನ ಗುಡಿಯ ಉಸ್ತುವಾರಿ ಅವರದು. ಅವರ ಮೊಮ್ಮಗ ನಮ್ಮಲ್ಲೇ ಒಂದನೆಯ ತರಗತಿ ಓದುತ್ತಿದ್ದ.

“ಮಕ್ಕಳು ತೋಯಾಕತ್ತಾವ, ನೋಡಾಕ ಆಗವಲ್ದು. ಗುಡಿ ಪಡಸಾಲಿ ಖಾಲಿನ ಅದ. ಸಾಲಿ ಅಲ್ಲೇ ನಡಸ್ರಿ, ಬರ್ರಿ ಮೇಡಂ” ಎಂದರು. ಅವರದು ಒಂದೇ ಷರತ್ತು. “ತತ್ತಿ ತಿಂದು ಗುಡಿಯಾಗ ಕುಂದ್ರೋದು ಬ್ಯಾಡ. ಅದೊಂದು ನಡಸಿಕೊಡ್ರಿ.”

ಬಿಸಿಯೂಟದಲ್ಲಿ ಮೊಟ್ಟೆಯ ಬದಲು ಬಾಳೆಹಣ್ಣು ಕೊಡಲು ಅವಕಾಶವಿತ್ತು. ಅಡುಗೆ ಕೋಣೆ ಬೇರೆಯೇ ಇದ್ದು, ಗಟ್ಟಿಮುಟ್ಟಾಗಿತ್ತು. ಊಟಕ್ಕೆ ಮಕ್ಕಳು ಶಾಲೆಯ ಅಂಗಳಕ್ಕೆ ಬಂದು ಹೋಗಬಹುದಿತ್ತು. ನಾನು ಎರಡೂ ಕೈ ಮುಗಿದು ಒಪ್ಪಿದೆ. ಅವರು ಬಾಯಿಬಿಟ್ಟು ಹೇಳಿದ ಷರತ್ತು ಅದು. ಹೇಳದೆ ಬಿಟ್ಟ ಇನ್ನೊಂದು ಇತ್ತೆಂದು ತಿಳಿಯಲು ನನಗೆ ಒಂಬತ್ತು ದಿನ ಬೇಕಾದವು.

ಪಡಸಾಲೆ ಚೆನ್ನಾಗಿತ್ತು. ಪರಸಿ ಕಲ್ಲು ಹಾಸಿದ ತಣ್ಣನೆ ನೆಲ, ದಪ್ಪ ಕಂಬಗಳು. ಒಂದು ಕಂಬಕ್ಕೆ ಸುರುಳಿ ಬೋರ್ಡು ತೂಗುಹಾಕಿ ನಾನು ನಾಲ್ಕು ಮತ್ತು ಐದನೆಯ ತರಗತಿಗಳನ್ನು ಕೂರಿಸಿಕೊಂಡೆ. ಆಚೆ ತುದಿಯಲ್ಲಿ ಸಹಶಿಕ್ಷಕರು ಚಿಕ್ಕವರನ್ನು. ಮಕ್ಕಳು ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಬಿಟ್ಟು ಬರುತ್ತಿದ್ದರು. ಮೊದಲ ದಿನವೇ ನಾಯಿಯೊಂದು ಒಂದು ಚಪ್ಪಲಿ ಕಚ್ಚಿಕೊಂಡು ಓಡಿತು. ಅದರ ಒಡತಿಯ ಅಳು ಊರಿಗೆಲ್ಲ ಕೇಳಿಸಿತು.

ನಮ್ಮ ಶಾಲೆಯಲ್ಲಿ ಮಕ್ಕಳ ಸಂಸತ್ತು ಇದೆ. ನೀರಿಗೊಬ್ಬ ಮಂತ್ರಿ, ಕಸಕ್ಕೊಬ್ಬ ಮಂತ್ರಿ, ತೋಟಕ್ಕೊಬ್ಬ ಮಂತ್ರಿ. ನಾನು ನಗುತ್ತ, “ಚಪ್ಪಲಿ ಕಾಯೋ ಖಾತೆ ಯಾರಿಗಿ ಬೇಕ್ರೆಪಾ?” ಎಂದೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಥಟ್ಟನೆ ಎದ್ದು ನಿಂತಳು. ತರಗತಿಯಲ್ಲೇ ಲೆಕ್ಕದಲ್ಲಿ ಜಾಣೆ. ಊರ ಆಚೆಯ ಕೇರಿಯಲ್ಲಿ ಅಜ್ಜಿಯ ಜೊತೆ ಇರುವವಳು. ಅವಳ ಹಿಂದೆಯೇ ಇನ್ನೂ ನಾಲ್ಕು ಕೈಗಳು ಎದ್ದವು. ಉಪಮಂತ್ರಿಗಳಾದರು. ಅಕ್ಕಂದಿರನ್ನು ಬಿಟ್ಟು ಇರಲಾರೆವೆಂದು ಚಿಕ್ಕ ತಮ್ಮ ತಂಗಿಯರು ಅವರ ಪಕ್ಕ ಸರಿದರು. ಮೂರನೆಯ ದಿನಕ್ಕೆ ಮೆಟ್ಟಿಲಾಚೆಯ ಕಲ್ಲುಕಟ್ಟೆಯ ಮೇಲೆ ಹನ್ನೊಂದು ಮಕ್ಕಳಿದ್ದರು. ನಾನು ಎಣಿಸಲಿಲ್ಲ.

ಹೆಸರು ಕೂಗಿದರೆ ಎಲ್ಲರಿಗಿಂತ ಜೋರಾದ “ಹಾಜರ್ ಮೇಡಂ” ಹೊರಗಿನಿಂದಲೇ ಬರುತ್ತಿತ್ತು. ನಾನು ಬರೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಮಳೆ ಬಂದಾಗ ಆ ಹುಡುಗಿ ಪ್ಲಾಸ್ಟಿಕ್ ಹಾಳೆ ಬಿಡಿಸಿ ಚಪ್ಪಲಿಗಳ ಮೇಲೂ ಚಿಕ್ಕವರ ತಲೆಯ ಮೇಲೂ ಹಿಡಿದು ನಿಂತಳು. ಮಳೆ ನಿಂತ ಮೇಲೆ ಎಲ್ಲ ಮಕ್ಕಳಿಂದ ಅವಳಿಗೆ ಚಪ್ಪಾಳೆ ತಟ್ಟಿಸಿದೆ. “ಜವಾಬ್ದಾರಿ ಅಂದ್ರ ಹಿಂಗಿರಬೇಕು” ಎಂದೆ. ಗುಡಿಯಲ್ಲಿ ನಡೆಯುವ ಶಾಲೆಯ ಫೋಟೊ ತೆಗೆದು ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳೂ ಹೂಗಳೂ ಬಂದು ಬಿದ್ದವು. ಮಲ್ಲಟದ ಗೆಳತಿಯೊಬ್ಬಳು ‘ಊರಂದ್ರ ಇಂಥಾದಿರಬೇಕು ನೋಡು’ ಎಂದು ಬರೆದಿದ್ದಳು. ನನಗೂ ಹಾಗೇ ಅನ್ನಿಸಿತ್ತು.

ಹತ್ತನೆಯ ದಿನ ಐದನೆಯ ತರಗತಿಗೆ ಭಾಗಾಕಾರ ಕೊಟ್ಟೆ. ಬೋರ್ಡಿನ ಮೇಲೆ ಆರು ಲೆಕ್ಕ. ನೋಟುಪುಸ್ತಕ ನೋಡುತ್ತ ಮೆಟ್ಟಿಲಿಗೆ ಬಂದರೆ ನನ್ನ ಜಾಣೆಯ ಪುಟದಲ್ಲಿ ಎರಡೇ ಲೆಕ್ಕ, ಅವೂ ಅಂಕಿ ತಪ್ಪಿದವು. ಕಿವಿ ಹಿಂಡಿದೆ. ಹಿಂಡಬಾರದು, ಕಾನೂನೂ ಬೇಡ ಅನ್ನುತ್ತದೆ, ಆದರೂ ಹಿಂಡಿದೆ.

“ಮಂತ್ರಿಯಾದ ಮ್ಯಾಲ ಓದು ಬಿಟ್ಟಿಯೇನ?”

“ಬೋರ್ಡ್ ಕಾಣ್ಸಲ್ರಿ ಮೇಡಂ.”

“ಕಾಣ್ಸದಿದ್ರ ಒಳಗ ಬಂದು ಕುಂದ್ರು!”

ಅವಳು ಅಲುಗಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ನಾಲ್ಕನೆಯ ತರಗತಿಯ ಪೋರನೊಬ್ಬ, ಇವತ್ತು ಯಾವ ವಾರ ಎಂದು ಹೇಳುವಷ್ಟು ಸಹಜವಾಗಿ, “ಅವ್ರು ಒಳಗ ಬರಂಗಿಲ್ರಿ ಮೇಡಂ” ಅಂದ.

ನನ್ನ ಮುಖ ಹೇಗಾಗಿತ್ತೋ ಏನೋ. ಆ ಹುಡುಗಿಯೇ ನನಗೆ ದಾರಿ ಮಾಡಿಕೊಟ್ಟಳು. “ನಾ ಒಳಗ ಬಂದ್ರ ಚಪ್ಪಲಿ ಯಾರು ಕಾಯ್ಬೇಕ್ರಿ?” ಎಂದಳು. ಅವಳ ಕಿವಿ ಇನ್ನೂ ಕೆಂಪಗಿತ್ತು.

ಮಧ್ಯಾಹ್ನ ಸಹಶಿಕ್ಷಕರನ್ನು ಬೇವಿನ ಮರದಡಿ ನಿಲ್ಲಿಸಿಕೊಂಡು ಕೇಳಿದೆ. “ಸರ್, ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ.”

“ಮತ್ತ ಯಾಕ ಹೇಳ್ಲಿಲ್ಲ?”

ಅವರು ನೆಲ ನೋಡುತ್ತ ಹೇಳಿದರು: “ನಿಮಗೂ ಗೊತ್ತದ ಅಂತ ತಿಳ್ಕೊಂಡಿದ್ದೆ. ಬಾಯಿಬಿಟ್ಟು ಹೇಳಾಕ ಸಂಕಟ ಆಗಿ, ಆಟ ಮಾಡಿ ಬಗೆಹರಿಸ್ಯಾರ ಅಂತ. ಊರಾಗೂ ಎಲ್ಲರೂ ಹಂಗ ಅಂತಾರ. ಮೇಡಂ ಭಾಳ ಶಾಣ್ಯಾ ಅದಾರ ಅಂತ.”

ನನಗೆ ನೆಲ ಬಾಯ್ಬಿಡಬಾರದೆ ಅನ್ನಿಸಿತು. ಗುಂಪಿಗೆ ಹಾಕಿದ ಫೋಟೊ ತೆಗೆದು ನೋಡಿದೆ. ಒಳಗಿದ್ದವರು ಐವತ್ತೆರಡು. ಆ ಹನ್ನೊಂದು ಮಕ್ಕಳು ಚಿತ್ರದಲ್ಲೇ ಇರಲಿಲ್ಲ. ಹಳೇ ಕಟ್ಟಡದಲ್ಲಿ ಅವರು ಎಲ್ಲರ ಜೊತೆ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು, ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು. ಊರು ಮತ್ತು ಕೇರಿ ಒಟ್ಟಿಗೆ ಕೂರುವ ಜಾಗ ಅಂತ ಆ ಹಳ್ಳಿಯಲ್ಲಿ ಇದ್ದದ್ದು ಅದೊಂದೇ. ಅದು ಕುಸಿದ ಮೇಲೆ, ಉಳಿದದ್ದನ್ನು ಕೈಯಾರೆ ಎರಡು ಮಾಡಿದವಳು ನಾನು.

ಸಂಜೆ ಶಾಲೆ ಬಿಟ್ಟ ಮೇಲೆ ಕೇರಿಗೆ ಹೋದೆ. ಹುಡುಗಿಯ ಅಜ್ಜಿ ಆಗಷ್ಟೇ ಹತ್ತಿ ಹೊಲದ ಕಳೆ ತೆಗೆದು ಬಂದು ಕಾಲು ತೊಳೆಯುತ್ತಿದ್ದರು. ವಿಷಯ ಕೇಳಿ ಬೆದರಿದರು.

“ಹುಡುಗಿದು ತಪ್ಪಿಲ್ಲ ಯವ್ವಾ. ನಾನ ಹೇಳಿ ಕಳಿಸೀನಿ, ಹೊರಗ ಕುಂದ್ರು ಅಂತ.”

“ಯಾರಾದ್ರೂ ಒಳಗ ಬ್ಯಾಡ ಅಂದ್ರೇನು ಆಯಿ?”

“ಬ್ಯಾಡ ಅನ್ನಿಸಿಕೊಂಡು ಬರೋದಕಿಂತ ಮದ್ಲ ದೂರ ಕುಂದ್ರೋದು ಚಲೋ ಅಲ್ಲೇನು? ನಾಳಿ ಯಾರದರ ಎಮ್ಮಿ ಸತ್ರ, ಇವ್ರು ಗುಡಿ ಹೊಕ್ಕಿದ್ಕ ಅಂತಾರ. ಅವ್ರ ಹೊಲಕ್ಕ ನಾವು ಹೋಗಬೇಕು. ಎಲ್ಲೂ ನಮ್ಮ ಹೆಸರು ಬರಿಬ್ಯಾಡ ನಮ್ಮವ್ವಾ. ನಿನ್ನ ಕಾಲಿಗಿ ಬೀಳ್ತೀನಿ.”

ನಿಜಕ್ಕೂ ಬಗ್ಗಿದರು. ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕಾಯಿತು.

ಮರುದಿನ ಬೆಳಿಗ್ಗೆ ಗುಡಿಯ ಮುಂದೆಯೇ ಹಿರಿಯರು ಸಿಕ್ಕರು. ಮೆಲ್ಲಗೆ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿ ಅಚ್ಚರಿಯಾಯಿತು.

“ನಾವೇನು ಬ್ಯಾಡ ಅಂದೀವೇನ್ರಿ? ಅವ್ರೇ ಬರಂಗಿಲ್ಲ.”

“ಹಂಗಾದ್ರ ನಾನು ಕರ್ಕೊಂಡು ಬರ್ತೀನ್ರಿ. ಹೂಂ ಅನ್ರಿ.”

ಅವರು ಹೂಂ ಅನ್ನಲಿಲ್ಲ. ಹೆಗಲ ವಸ್ತ್ರ ಸರಿಮಾಡಿಕೊಂಡರು. ಆಮೇಲೆ ಹೇಳಿದರು: “ನಿಮ್ಮನ್ನ ಬರ್ರಿ ಅಂದಿಲ್ಲೇನ್ರಿ ಮೇಡಂ? ನೀವು ಯಾರಂತ ನಮಗ ಗೊತ್ತಿಲ್ಲೇನು? ಮದ್ಲನೇ ದಿನನ ಗೊತ್ತು.”

ನಾನು ಯಾರೆಂದರೆ, ಅಂಥದೇ ಕೇರಿಯಿಂದ ಹೊರಟು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆದವರ ಮಗಳು. ಕ್ವಾರ್ಟರ್ಸಿನಲ್ಲಿ ಬೆಳೆದೆ. ಮನೆಯಲ್ಲಿ ಬುದ್ಧನ ಫೋಟೊ ಇತ್ತು, ಗುಡಿಯ ಹಂಬಲ ಇರಲಿಲ್ಲ. ಪಕ್ಕದ ಮನೆಯವರ ಜಾತಿ ನಮಗೆ ಗೊತ್ತಿರಲಿಲ್ಲ, ನಮ್ಮದು ಅವರಿಗೆ ಬೇಕಿರಲಿಲ್ಲ. ಅಪ್ಪ ತಾನು ಕೂತ ಕಟ್ಟೆಗಳ ಬಗ್ಗೆ ಒಂದು ಮಾತನ್ನೂ ನನಗೆ ಹೇಳದೆ ಬೆಳೆಸಿದರು. ಅದಕ್ಕೇ ಇರಬೇಕು, ಕಣ್ಣೆದುರಿನ ಕಟ್ಟೆ ನನಗೆ ಕಾಣದೆ ಹೋಯಿತು. ಹಿರಿಯರು “ಬರ್ರಿ” ಅಂದದ್ದು ನನ್ನ ಮುಖ್ಯ ಶಿಕ್ಷಕಿಯ ಕುರ್ಚಿಗೆ. ಕರೆದದ್ದು ನನ್ನನ್ನೇ ಎಂದುಕೊಂಡು ಒಂಬತ್ತು ದಿನ ಹಿಗ್ಗಿದ್ದೆ. ಸಿಟ್ಟು ಬಂತು. ಅವರ ಮೇಲೆ ಅರ್ಧ, ನನ್ನ ಮೇಲೆ ಉಳಿದರ್ಧ.

ಕೈ ಹಿಡಿದು ಆ ಮಕ್ಕಳನ್ನು ಒಳಗೆ ಎಳೆದು ತರಬಹುದಿತ್ತು, ಕಾನೂನು ನನ್ನ ಕಡೆಗೇ ಇತ್ತು. ಆದರೆ ಸಂಜೆಯ ಬಸ್ಸಿಗೆ ನಾನು ರಾಯಚೂರಿಗೆ ಹೋಗಿಬಿಡುತ್ತೇನೆ. ಅಜ್ಜಿ ಮರುದಿನ ಅದೇ ಹೊಲಕ್ಕೆ ಹೋಗಬೇಕು. ಇಡೀ ಮಧ್ಯಾಹ್ನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಮಕ್ಕಳನ್ನು ಗುಡಿಯೊಳಗೆ ತರುವುದಲ್ಲ, ಶಾಲೆಯನ್ನೇ ಗುಡಿಯಿಂದ ಹೊರಗೆ ಒಯ್ಯುವುದು. ಕೇರಿಯಲ್ಲಿ ಪಂಚಾಯಿತಿ ಕಟ್ಟಿಸಿದ ಸಮುದಾಯ ಭವನವೊಂದಿತ್ತು. ಚಾವಣಿ ಗಟ್ಟಿ, ಕಿಟಕಿಗೆ ಬಾಗಿಲಿಲ್ಲ, ಒಳಗೆ ನೀರಿನ ಪೈಪುಗಳ ರಾಶಿ.

ಸಹಶಿಕ್ಷಕರು ತಲೆ ಮೇಲೆ ಕೈಹೊತ್ತರು. “ಊರ ಮಕ್ಕಳು ಕೇರಿಗಿ ಬರಂಗಿಲ್ರಿ ಮೇಡಂ. ಖಾಸಗಿ ಸಾಲಿ ವ್ಯಾನು ದೇವದುರ್ಗದಿಂದ ದಿನಾ ಊರ ಬಾಗಿಲಿಗಿ ಬರ್ತದ. ಐವತ್ತೆರಡೂ ಹೋದ್ರ ಹನ್ನೊಂದು ಮಕ್ಕಳಿಗೆ ಸಾಲಿ ಇಡ್ತಾರೇನ್ರಿ? ಮುಚ್ಚಿಬಿಡ್ತಾರ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹನ್ನೊಂದು ಮಕ್ಕಳನ್ನು ಒಳಗೆ ತರಲು ಹೋಗಿ ಶಾಲೆಯನ್ನೇ ಕಳೆಯುವ ಆಟ ಅದು. ಆದರೂ ಶನಿವಾರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದೆ. ಊರಿಗೆ ನೀರು ಬಿಡುವ ನೀರುಗಂಟಿ ಬಂದು ಬೀಗ ತೆಗೆದ. ಪೈಪುಗಳನ್ನು ಹೊರಗೆ ಎಳೆದು, ಕಸ ಗುಡಿಸಿ, ಮೊಳೆ ಹೊಡೆದು ಬೋರ್ಡು ತೂಗಿಹಾಕಿದೆವು. ಸಹಶಿಕ್ಷಕರು ಬೈದುಕೊಳ್ಳುತ್ತಲೇ ಜೊತೆಗೆ ಪೈಪು ಹೊತ್ತರು. ಭವನದಲ್ಲಿ ಶಾಲೆ, ಮೊದಲಿನಂತೆ ಮೊಟ್ಟೆ, ಎಂದು ಊರಲ್ಲಿ ಹೇಳಿಸಿದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೆದೆ. ಹನ್ನೊಂದು ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಒಂಬತ್ತಕ್ಕೇ ಬಂದು ಕೂತಿದ್ದರು, ತಮ್ಮ ಮನೆಗೆ ನೆಂಟರು ಬರುವವರಿದ್ದಾರೆ ಎನ್ನುವಂತೆ. ಹತ್ತೂಕಾಲಾಯಿತು. ಊರ ಕಡೆಯ ದಾರಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಹತ್ತೂವರೆಗೆ ಏಳು ಮಕ್ಕಳು ಬಂದರು. ಅಷ್ಟೇ. ಹಾಜರಿ ಹದಿನೆಂಟು. ಮಧ್ಯಾಹ್ನ ಅಡುಗೆಯವರು ಅರವತ್ತಮೂರು ಮೊಟ್ಟೆ ಬೇಯಿಸಿ ತಂದು, ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿದರು. “ಉಳ್ದದ್ದು ಏನು ಮಾಡ್ಲಿ ಮೇಡಂ?” ಎಂದರು.

ಮಂಗಳವಾರ ಇಪ್ಪತ್ತಾರು. ಅವತ್ತೇ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಫೋನ್ ಬಂತು. ‘ಮುಖ್ಯ ಶಿಕ್ಷಕಿ ತಮ್ಮವರ ಕೇರಿಗೆ ಶಾಲೆ ಒಯ್ದಿದ್ದಾರೆ’ ಎಂದು ಊರಿನಿಂದ ದೂರು ಹೋಗಿತ್ತು. ಬುಧವಾರ ದೇವದುರ್ಗಕ್ಕೆ ಬಂದು ಲಿಖಿತ ವಿವರಣೆ ಕೊಡಬೇಕು.

“ತತ್ತಿ ಕಾರಣ ಬರೀರಿ ಮೇಡಂ” ಎಂದರು ಸಹಶಿಕ್ಷಕರು. “ಗುಡಿಯಾಗ ತತ್ತಿ ನಡಿಯಂಗಿಲ್ಲ, ಮಕ್ಕಳಿಗೆ ಪೌಷ್ಟಿಕಾಂಶ ಬೇಕು, ಅದಕ್ಕ ಜಾಗ ಬದಲಿಸಿದೆ. ಸುಳ್ಳೇನಲ್ಲ. ಊರಿನ ಮಾನ ಉಳಿತದ, ಕೇರಿಯವರ ಹೆಸರು ಬರಂಗಿಲ್ಲ, ನಿಮಗೂ ತ್ರಾಸಿಲ್ಲ.”

ಬುಧವಾರ ಶಾಲೆಯನ್ನು ಅವರ ಕೈಗೊಪ್ಪಿಸಿ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೊಟ್ಟೆಯ ಕಾರಣವನ್ನೇ ಮನಸ್ಸಿನಲ್ಲಿ ಬರೆದುಕೊಂಡೆ. ಒಳ್ಳೆ ಭಾಷೆಯಲ್ಲಿ, ಸುತ್ತೋಲೆ ಗಿತ್ತೋಲೆ ಸೇರಿಸಿ. ಕಚೇರಿಯ ಬೆಂಚಿನ ಮೇಲೆ ಕೂತು ಹಾಳೆ ತೆಗೆದಾಗ ಕೈ ನಿಂತಿತು. ಹಾಗೆ ಬರೆದರೆ ಆ ಒಂಬತ್ತು ದಿನ ನಡೆದದ್ದು ಎಲ್ಲೂ ಇರುವುದಿಲ್ಲ. ಹಾಜರಿ ಪುಸ್ತಕದ ಪ್ರಕಾರ ಹನ್ನೊಂದು ಮಕ್ಕಳೂ ದಿನವೂ ಪಾಠ ಕೇಳಿದ್ದಾರೆ. ಆ ಸುಳ್ಳಿನ ಕೆಳಗೆ ಇರುವ ಸಹಿ ನನ್ನದು. ಇನ್ನು ಊರಿನ ಮೇಲೆ ಬರೆದರೆ ಪೆಟ್ಟು ಬೀಳುವುದು ಅಜ್ಜಿಗೆ.

ಕೊನೆಗೆ ಬರೆದದ್ದು ಇಷ್ಟೇ: ‘ಗುಡಿಯಲ್ಲಿ ಪಾಠ ನಡೆದ ದಿನಗಳಲ್ಲಿ ಹನ್ನೊಂದು ಮಕ್ಕಳಿಗೆ ಚಪ್ಪಲಿ ಕಾಯುವ ಕೆಲಸ ಕೊಟ್ಟು ಹೊರಗೆ ಕೂರಿಸಿದವಳು ನಾನು. ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ. ಆದರೂ ಅವರನ್ನು ಹಾಜರೆಂದು ಬರೆದಿದ್ದೇನೆ. ಇದು ನನ್ನ ತಪ್ಪು. ಇದನ್ನು ತಿದ್ದಲು, ಎಲ್ಲ ಮಕ್ಕಳೂ ಒಳಗೆ ಕೂರಬಹುದಾದ ಜಾಗಕ್ಕೆ ಶಾಲೆಯನ್ನು ಒಯ್ದಿದ್ದೇನೆ.’ ಯಾರ ಹೆಸರೂ ಇಲ್ಲ, ಯಾವ ಜಾತಿಯೂ ಇಲ್ಲ.

ಅಧಿಕಾರಿಗಳು ಎರಡು ಸಲ ಓದಿದರು. ಅವರಿಗೆ ಎಲ್ಲ ಅರ್ಥವಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು.

“ಇದನ್ನ ಇಸ್ಕೊಂಡ್ರ ನಾ ನಿಮಗ ನೋಟಿಸ್ ಕೊಡಬೇಕಾಗ್ತದ. ವಿಚಾರ ಮಾಡೀರೇನು?”

“ಮಾಡೀನ್ರಿ ಸರ್. ಕೊಡ್ರಿ.”

“ಮತ್ತ ಸಾಲಿ?”

“ಭವನದಾಗನ ಇರ್ಲಿ ಅಂತ ಒಂದು ಸಾಲು ಬರ್ದು ಕೊಡ್ರಿ.”

ಅವರು ಪೆನ್ನು ತೆಗೆದು ಆ ಸಾಲು ಬರೆದು ಸಹಿ ಹಾಕಿದರು. ನೋಟಿಸು ಮರುವಾರ ಬಂತು, ಈಗಲೂ ನನ್ನ ಸೇವಾ ದಾಖಲೆಯಲ್ಲಿದೆ.

ಗುರುವಾರ ಮೂವತ್ತೆಂಟು. ಒಂದನೆಯ ತರಗತಿಯವರ ನಡುವೆ ಹಿರಿಯರ ಮೊಮ್ಮಗ ಕೂತಿದ್ದ. ಬರಿಗೈಯಲ್ಲಿ, ಗೆಳೆಯರ ಹಿಂದೆ ಓಡಿ ಬಂದಿದ್ದ. ಅರ್ಧ ಗಂಟೆಗೆ ಹಿರಿಯರೇ ಬಂದು ಬಾಗಿಲಲ್ಲಿ ನಿಂತರು. ನಮ್ಮ ಹುಡುಗಿ ಬೋರ್ಡಿನ ಮುಂದೆ ನಿಂತು ಏಳರ ಮಗ್ಗಿ ಹೇಳಿಸುತ್ತಿದ್ದಳು, ಉಳಿದವರು ಕೂಗಿ ಹೇಳುತ್ತಿದ್ದರು. ಮೊಮ್ಮಗನನ್ನು ಎಳೆದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡೆ. ಅವರು ಮಗ್ಗಿ ಮುಗಿಯುವವರೆಗೂ ಕಾದರು. ಆಮೇಲೆ ವಸ್ತ್ರದ ಮರೆಯಿಂದ ಪಾಟಿ ತೆಗೆದರು.

“ಮರ್ತು ಬಂದಾನ, ಕೊಡ್ರಿ” ಎಂದು ನನ್ನ ಕೈಗಿಟ್ಟು ತಿರುಗಿ ಹೋದರು. ಒಳಗೆ ಬರಲಿಲ್ಲ. ಬರ್ರಿ ಎಂದು ಕರೆಯಲು ನನಗೂ ಬಾಯಿ ಬರಲಿಲ್ಲ.

ಎಲ್ಲರೂ ಬರಲಿಲ್ಲ. ಆರು ಮಕ್ಕಳು ವರ್ಗಾವಣೆ ಪತ್ರ ಪಡೆದು ವ್ಯಾನು ಹತ್ತಿದರು. ಅವರಲ್ಲಿ ಇಬ್ಬರು ನನ್ನ ಸೀರೆಯ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದವರು. ಅವರ ನೆನಪಾದಾಗ ನೋಯುತ್ತದೆ. ಉಳಿದವರು ಒಬ್ಬೊಬ್ಬರಾಗಿ ಮರಳಿದರು, ಮೊಟ್ಟೆಗೋ, ಗೆಳೆಯರಿಗೋ, ಕಾರಣ ನಾನು ಕೇಳಲಿಲ್ಲ. ಮುಂದಿನ ತಿಂಗಳ ಒಂದು ಸೋಮವಾರ ಐವತ್ತೇಳು ಮಕ್ಕಳೂ ಬಂದರು. ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದೆ. ಐವತ್ತೇಳು ಸಲ “ಹಾಜರ್” ಬಂತು. ಪೆನ್ನು ಕೈಯಲ್ಲಿತ್ತು, ಆದರೂ ಬರೆಯಲಿಲ್ಲ. ಎದ್ದು ಬಾಗಿಲಾಚೆ ಹೋಗಿ ನೋಡಿದೆ, ಭವನವನ್ನು ಒಂದು ಸುತ್ತು ಹಾಕಿದೆ. ಮೇಡಂಗೆ ಏನಾಯಿತೆಂದು ಮಕ್ಕಳು ಕಿಸಕ್ಕನೆ ನಕ್ಕರು. ಹೊರಗೆ ಯಾರೂ ಇರಲಿಲ್ಲ. ಒಳಗೆ ಬಂದು ಕೂತು, ಒಂದೊಂದೇ ಹೆಸರಿನ ಮುಂದೆ ಬರೆದೆ.